‘ಶಾಂತೇರಿ ಎಂಬವರು ಯಾರೂ ಇಲ್ಲ’

೧೯೬೧ನೆಯ ಇಸವಿ ನವೆಂಬರ್ ೨೧, ಮಂಗಳವಾರ. ಪ್ಲವ ಸಂವತ್ಸರದ ಕಾರ್ತಿಕ ಶುದ್ಧ ಚತುರ್ದಶಿ. ಆಧಾರ: ನನ್ನ ಪ್ರವಾಸ ವರದಿಯ ನಕಲು ಪ್ರತಿ. ತಿಥಿವಾರಗಳನ್ನು ಆ ವರ್ಷದ ಪಂಚಾಂಗದೊಡನೆ ತಾಳೆ ನೋಡಿದ್ದೇನೆ. ಅದು ಸೋಮವಾರವೆಂದು ಬಹುಕಾಲ ನಂಬಿದ್ದೆ. ಪಂಚಾಂಗ ಬೇರೆ ಹೇಳಿದ್ದರಿಂದ ನೆನಪನ್ನು ತಿದ್ದಿಕೊಂಡೆ. ಅಂದು ಬೆಳಿಗ್ಗೆ ಹೊನ್ನಾವರದ ಒಂದು ಮನೆಯ ಜಗಲಿಯಲ್ಲಿ ಕುಳಿತು, ಮೇಲೆ ತಲೆಬರಹವಾಗಿ ಕೊಟ್ಟಿರುವ ವಾಕ್ಯವನ್ನು ನಾನು ಕೇಳಿದೆ. ಹೇಳಿದವರು ಸುಳ್ಳುಗಾರರಾಗಿರಲಿಲ್ಲ. ಊರಿನಲ್ಲಿ ಮರ್ಯಾದಸ್ಥರು, ದಿನಸಿ ವ್ಯಾಪಾರಿಗಳು, ಓದಿದವರು. ತಮ್ಮ ಒಡಹುಟ್ಟಿದ ತಂಗಿಯ ವಿಷಯದಲ್ಲಿಯೇ ಅವರು ಆ ಮಾತನ್ನು ಹೇಳಿದರು, ಮನಃಪೂರ್ವಕವಾಗಿ ಹೇಳಿದರು.

ಸಾಹಿತ್ಯಚರಿತ್ರೆಯ ಕೆಲಸಕ್ಕೆ ಈಗ ಬರುತ್ತಿರುವ ಕಿರಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎನ್ನುವುದು ಸೇವಾಪುಸ್ತಕದಲ್ಲಿದೆ. ಅದರಿಂದ ಯಾರಿಗೂ ಉಪಯೋಗವಿಲ್ಲ. ನಮ್ಮ ಕವಿಚರಿತ್ರೆಗಳಲ್ಲಿ ಹೆಂಗಸರ ಹೆಸರು ಏಕಿಲ್ಲವೆಂದು ಕೇಳಿದಾಗ, ಅವರು ಬರೆಯಲಿಲ್ಲ, ಬರೆದದ್ದು ಉಳಿಯಲಿಲ್ಲ ಎಂದು ಹಿರಿಯರು ನಿಟ್ಟುಸಿರಿನೊಂದಿಗೆ ಉತ್ತರಿಸುತ್ತಾರೆ. ನಾನು ಆ ನಿಟ್ಟುಸಿರನ್ನು ಹತ್ತಿರದಿಂದ ಬಲ್ಲೆ. ಬರೆದದ್ದನ್ನು, ಅಚ್ಚಾದದ್ದನ್ನು, ಮೇಜಿನ ಮೇಲೆ ಇಟ್ಟದ್ದನ್ನು ಹೇಗೆ ಇಲ್ಲವಾಗಿಸುತ್ತಾರೆಂಬುದನ್ನು ಕಣ್ಣಾರೆ ಕಂಡಿದ್ದೇನೆ.

ರಾಜ್ಯಗಳು ಭಾಷೆಯ ಆಧಾರದಲ್ಲಿ ಒಂದಾಗಿ, ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಧಾರವಾಡದಲ್ಲಿ ನಾನು ಕೆಲಸಕ್ಕಿದ್ದ ಸಂಸ್ಥೆಯು ಭಟಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕುಗಳ ಕವಿಗಳ ಸಂಪುಟವೊಂದನ್ನು ಹೊರತರಲು ನಿರ್ಧರಿಸಿತು. ಸಂಸ್ಥೆಯ ಹೆಸರನ್ನೂ ಪ್ರಧಾನ ಸಂಪಾದಕರ ಹೆಸರನ್ನೂ ನಾನು ಬರೆಯುವುದಿಲ್ಲ. ಬರೆದರೆ ತಪ್ಪನ್ನು ಒಬ್ಬರ ತಲೆಗೆ ಕಟ್ಟಿ ಉಳಿದವರೆಲ್ಲ ಕೈ ತೊಳೆದುಕೊಳ್ಳುತ್ತಾರೆ. ಇಡೀ ಕಚೇರಿಯಲ್ಲಿ ನಾನೊಬ್ಬಳೇ ಹೆಂಗಸು. ಕರಡಚ್ಚು ತಿದ್ದುವುದು, ಇಸವಿಗಳನ್ನು ಪರಿಶೀಲಿಸುವುದು ನನ್ನ ಕೆಲಸ. ಆದರೆ ಸಂಪುಟದ ಕೊನೆಗೆ ‘ಸ್ತ್ರೀಯರ ಹಾಡುಗಳು’ ಎಂಬ ಅನುಬಂಧ ಬೇಕೆಂದಾಯಿತು. ಒಳಮನೆಗೆ ಗಂಡಸರು ಹೋಗುವಂತಿಲ್ಲವಾದ್ದರಿಂದ ನನ್ನನ್ನು ಪ್ರವಾಸಕ್ಕೆ ಕಳಿಸಿದರು.

ಹೊರಡುವ ಮುನ್ನ ಸಂಪಾದಕರು ಎರಡು ಕಟ್ಟು ನಮೂನೆಗಳನ್ನು ಕೊಟ್ಟರು. ಒಂದು ಕವಿಗಳಿಗೆ: ಹೆಸರು, ಮನೆತನ, ಜನನ, ಕೃತಿಗಳು. ಇನ್ನೊಂದು ಹಾಡುಗಳಿಗೆ: ಊರು, ಸಂದರ್ಭ, ಹಾಡಿದವರು. ಎರಡನೆಯದರ ತಲೆಯಲ್ಲಿ ‘ಕರ್ತೃ: ಅಜ್ಞಾತ’ ಎಂದು ಮೊದಲೇ ಟೈಪು ಮಾಡಿ ಪ್ರತಿ ತೆಗೆಸಿದ್ದರು. ಒಂದು ಹಾಡನ್ನೂ ಕೇಳುವ ಮೊದಲೇ, ಅದನ್ನು ಕಟ್ಟಿದವರು ಯಾರೋ ತಿಳಿಯದು ಎಂದು ತೀರ್ಮಾನವಾಗಿತ್ತು!

ಕುಮಟೆಯ ಒಳನಾಡಿನ ಸಂತೆಗುಳಿಯಲ್ಲಿ ಆ ತೀರ್ಮಾನದ ಮೊದಲ ಪರೀಕ್ಷೆ ನಡೆಯಿತು. ಅಡಿಕೆ ಸುಲಿಯುತ್ತ ಕುಳಿತಿದ್ದ ಹಿರಿಯ ಹೆಂಗಸೊಬ್ಬರು ಮದುವೆಯ ಹಸೆಗೆ ಕರೆಯುವ ಹಾಡೊಂದನ್ನು ಹೇಳಿದರು. ಅದರಲ್ಲಿ ಆ ವರ್ಷವಷ್ಟೇ ಊರಿಗೆ ಬಂದಿದ್ದ ಬಸ್ಸಿನ ಪ್ರಸ್ತಾಪವಿತ್ತು. ಬೀಗರು ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಬಂದಿಳಿದ ವರ್ಣನೆಯಿತ್ತು. ಇದು ಹಳೆಯ ಹಾಡಲ್ಲವಲ್ಲ, ಯಾರು ಕಟ್ಟಿದರು ಎಂದು ಕೇಳಿದೆ.

“ಮತ್ಯಾರು? ಆನೇಯ,” ಎಂದು ತಮ್ಮತ್ತಲೇ ಬೆರಳು ತೋರಿಸಿಕೊಂಡರು. “ಆದ್ರೆ ಯಂಗೆ ಬರಿಯಲೆ ಬತ್ತಿಲ್ಲೆ ಕೂಸೆ. ಕಟ್ದಿ, ಹೇಳ್ದಿ, ಅಷ್ಟೇಯ. ಬೀಗರಿಗೆ ಸಿಟ್ಟು ಬಂದು ಊಟಕ್ಕೆ ಏಳಲೇ ಇಲ್ಲೆ!”

ನಾನು ‘ಅಜ್ಞಾತ’ ಎಂಬುದನ್ನು ಹೊಡೆದುಹಾಕಿ ಅವರ ಹೆಸರನ್ನು ಬರೆದೆ. ಅದೇ ವಾರ ನನ್ನ ಸಹೋದ್ಯೋಗಿಯೊಬ್ಬರು ಮಿರ್ಜಾನಿನ ಒಬ್ಬ ಗಂಡಸನ್ನು ಕಂಡು ಬಂದಿದ್ದರು. ಆತನಿಗೂ ಅಕ್ಷರ ಬಾರದು. ತಾಳಮದ್ದಲೆಯಲ್ಲಿ ನಿಂತಲ್ಲೇ ಪದ ಕಟ್ಟುವವನು. ಅವನಿಗೆ ಕವಿಗಳ ನಮೂನೆ ಸಿಕ್ಕಿತು, ‘ಆಶುಕವಿ’ ಎಂಬ ಬಿರುದೂ ಸಿಕ್ಕಿತು. ಸಂತೆಗುಳಿಯ ಹೆಂಗಸಿನ ಹೆಸರಿನ ಮೇಲೆ ಕಚೇರಿಯಲ್ಲಿ ಬಿಳಿ ಕಾಗದದ ಪಟ್ಟಿ ಅಂಟಿಸಿ ಮತ್ತೆ ‘ಅಜ್ಞಾತ’ ಎಂದು ಬರೆದರು. ಏಕೆಂದು ಕೇಳಿದಾಗ ಸಂಪಾದಕರು ನಕ್ಕರು: “ಜಾನಪದಕ್ಕೆ ಕರ್ತೃ ಇರೂದಿಲ್ಲವ್ವಾ. ಇದ್ದರೆ ಅದು ಜಾನಪದ ಹೆಂಗಾತು?” ಆ ತರ್ಕವನ್ನು ಗಮನಿಸಿ. ಹೆಂಗಸು ಕಟ್ಟಿದ್ದರಿಂದ ಅದು ಜಾನಪದ. ಜಾನಪದವಾದ್ದರಿಂದ ಅದನ್ನು ಕಟ್ಟಿದವಳಿಲ್ಲ.

ಭಟಕಳದಲ್ಲಿ ಒಂದು ನವಾಯತ ಮುಸಲ್ಮಾನರ ಮನೆಯಲ್ಲಿ ನನ್ನ ಪ್ರಶ್ನೆಗಳಿಗೆಲ್ಲ ಮಗನೇ ಉತ್ತರಿಸುತ್ತಿದ್ದ. “ಅಮ್ಮ ಹಾಡ್ತಾರೆ ಅಷ್ಟೆ, ಕಟ್ಟೂದೆಲ್ಲ ಇಲ್ಲ,” ಎಂದ. ಪರದೆಯ ಹಿಂದಿನಿಂದ ತಾಯಿಯ ಸ್ವರ ಬಂತು: “ಅವ ಹುಟ್ಟೂ ಮೊದ್ಲೇ ಕಟ್ಟಿದ್ದದು. ಅವನಿಗೆ ಹ್ಯಾಗೆ ಗೊತ್ತಾಗ್ಬೇಕು? ನೀವು ಈ ಬದಿಗೆ ಬನ್ನಿ ಅಕ್ಕೋರೆ, ಅವನ ಹತ್ರ ಎಂತ ಕೇಳ್ತೀರಿ.” ಮಗ ಚಪ್ಪಲಿ ಹುಡುಕಿಕೊಂಡು ಅಂಗಡಿಗೆ ಹೋದ. ಅಂದು ಸಂಜೆಯವರೆಗೆ ಪರದೆಯ ಒಳಬದಿಯಲ್ಲಿ ಕುಳಿತು ನಾನು ಕಲಿತದ್ದು, ಎಂ.ಎ. ತರಗತಿಯ ಎರಡು ವರ್ಷಗಳಲ್ಲಿ ಕಲಿತದ್ದಕ್ಕಿಂತ ಹೆಚ್ಚು.

ಇನ್ನು ಶಾಂತೇರಿಯ ವಿಷಯ.

ಮೂವತ್ತರ ದಶಕದಲ್ಲಿ ಹೊನ್ನಾವರದಿಂದ ಒಂದು ಮಾಸಪತ್ರಿಕೆ ಹೊರಡುತ್ತಿತ್ತು. ನಡೆಸುತ್ತಿದ್ದವರು ಹೆಣ್ಣುಮಕ್ಕಳ ಶಾಲೆಯ ಅಧ್ಯಾಪಕರು, ವಾಮನ ಮಾಸ್ತರರು. ಪತ್ರಿಕೆ ಕೆಲವೇ ವರ್ಷ ಬದುಕಿತು. ನಮ್ಮ ಸಂಪುಟದ ಕೆಲಸ ಆರಂಭವಾಗುವ ಹೊತ್ತಿಗೆ ಮಾಸ್ತರರೂ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಅವರು ತಮ್ಮ ಹೆಸರಿನಲ್ಲಿ ಪ್ರಕಟಿಸಿದ ಪದ್ಯಗಳು ದೇಶಭಕ್ತಿಯವು, ಛಂದಸ್ಸು ನಿರ್ದುಷ್ಟ, ಓದಿದ ಮರುಕ್ಷಣ ಮರೆತುಹೋಗುವಂಥವು. ಆದರೆ ಅದೇ ಪತ್ರಿಕೆಯ ಸಂಚಿಕೆಗಳಲ್ಲಿ ‘ಶಾಂತೇರಿ’ ಎಂಬ ಒಂಟಿ ಹೆಸರಿನಲ್ಲಿ ಏಳು ಪದ್ಯಗಳಿದ್ದವು. ಮನೆತನದ ಹೆಸರಿಲ್ಲ, ಊರಿಲ್ಲ. ‘ಹೊರಗಿನವಳು’ ಎಂಬುದರ ಕೊನೆಯ ನಾಲ್ಕು ಸಾಲುಗಳು ಇವು:

ಮೂರು ದಿನಕೆ ನಮ್ಮ ಬಾಗಿಲೆನಗೆ ಪರರ ಬಾಗಿಲು;
ತಾಟು ತಳ್ಳಿದ ತಾಯ ಕೈಗೆ ನನ್ನ ಕೈಯ ಭಯ.
ನಾಲ್ಕರಂದು ನೀರು ಮಿಂದು ಒಳಗೆ ಬಂದ ಮೇಲೆಯೂ
ಹೊರಗೆ ಕೂತೇ ಇರುವಳೊಬ್ಬಳು, ಅವಳ ಕರೆವರಾರು?

ಈ ಸಾಲುಗಳನ್ನು ಓದಿದ ಯಾವ ಹೆಂಗಸಿಗೂ ಟಿಪ್ಪಣಿ ಬೇಕಾಗಿಲ್ಲ. ನಮ್ಮ ಸಂಪಾದಕರು ಎರಡು ಪುಟ ಟಿಪ್ಪಣಿ ಬರೆದಿದ್ದರು. ಮೂರು ದಿನಗಳೆಂದರೆ ಜಾಗ್ರತ್, ಸ್ವಪ್ನ, ಸುಷುಪ್ತಿ ಎಂಬ ಮೂರು ಅವಸ್ಥೆಗಳು. ತಾಯಿಯೆಂದರೆ ಜಗನ್ಮಾತೆ. ನಾಲ್ಕನೆಯ ದಿನದ ಸ್ನಾನವೇ ಅವುಗಳಾಚೆಗಿನ ತುರೀಯ. ಪರಮಾತ್ಮನ ಮನೆಯಿಂದ ಹೊರಗುಳಿದ ಜೀವಾತ್ಮನ ಆರ್ತನಾದವಿದು. ನಮ್ಮ ಕರಾವಳಿಯ ಅನುಭಾವ ಕಾವ್ಯದ ಶಿಖರ. ಇಷ್ಟೆತ್ತರದ ದರ್ಶನವುಳ್ಳವರು ವಾಮನ ಮಾಸ್ತರರಲ್ಲದೆ ಇನ್ನಾರಿದ್ದಾರು? ಹೆಣ್ಣು ಹೆಸರಿನಲ್ಲಿ ಗಂಡಸರು ಬರೆಯುವುದು ಆ ಕಾಲದ ಪತ್ರಿಕೆಗಳಲ್ಲಿ ರೂಢಿಯಾಗಿತ್ತು, ಅದು ನಿಜ. ಅದಕ್ಕೆ ಇನ್ನೊಂದು ಪುರಾವೆಯೂ ಸಿಕ್ಕಿತು: ಶಾಂತೇರಿಯು ಮಾಸ್ತರರ ಕುಲದೇವತೆ. ಭಕ್ತನು ದೇವಿಯ ಹೆಸರನ್ನೇ ಅಂಕಿತವಾಗಿಸಿಕೊಂಡಿದ್ದಾನೆ ಎಂದು ಸಂಪಾದಕರು ಬರೆದರು. ಆ ದೇವಿಗೆ ನಡೆದುಕೊಳ್ಳುವ ಅಷ್ಟೂ ಮನೆತನಗಳಲ್ಲಿ ಹೆಣ್ಣುಮಕ್ಕಳಿಗೂ ಅದೇ ಹೆಸರಿಡುತ್ತಾರೆ ಎಂಬುದು ಅವರಿಗೆ ತಿಳಿಯದ ವಿಷಯವಲ್ಲ. ತಿಳಿದದ್ದು ತೋಚಲಿಲ್ಲ, ಅಷ್ಟೆ.

ವಿಚಾರಣೆಯನ್ನೇ ಮಾಡಲಿಲ್ಲವೆಂದು ಹೇಳಲಾರೆ. ಸಹೋದ್ಯೋಗಿಯೊಬ್ಬರು ಹೊನ್ನಾವರಕ್ಕೆ ಹೋಗಿ, ಮಾಸ್ತರರ ಶಾಲೆಗೆ ಹೆಣ್ಣುಮಕ್ಕಳನ್ನು ಕಳಿಸಿದ್ದ ಮನೆಗಳನ್ನು ಒಂದೊಂದಾಗಿ ಕೇಳಿ, ‘ಶಾಂತೇರಿ ಎಂಬ ಲೇಖಕಿ ಇರಲಿಲ್ಲ’ ಎಂದು ವರದಿ ಕೊಟ್ಟಿದ್ದರು. ಅದೇ ಮನೆಗಳಿಗೆ ಹಾಡು ಕೇಳಲು ನಾನು ಹೋದಾಗ, ಅದೇ ಪ್ರಶ್ನೆಯನ್ನು ಮತ್ತೆ ಕೇಳಿದೆ. ದಿನಸಿ ವ್ಯಾಪಾರಿ ಶೇಷಗಿರಿರಾಯರು ಅಡಿಕೆ ಕತ್ತರಿಸುತ್ತ, “ಮೊನ್ನೆ ನಿಮ್ಮವರೇ ಒಬ್ರು ಬಂದು ಕೇಳಿ ಹೋದ್ರಲ್ಲ ಬಾಯಿ. ನಮ್ಮಲ್ಲಿ ಶಾಂತೇರಿ ಎಂಬವರು ಯಾರೂ ಇಲ್ಲ,” ಎಂದರು.

ಅವರ ಹೆಂಡತಿ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದರು.

“ಇಲ್ಲ ಅಂದ್ರೆ? ಶಾಂತೇರಿ ಅಂದ್ರೆ ನಿಮ್ಮ ತಂಗಿ ಅಲ್ದ? ನಮ್ಮ ಕುಮಟೆ ರಾಧಕ್ಕ!”

“ಅವಳು ರಾಧಾಬಾಯಿ.”

“ಈಗ ರಾಧಾಬಾಯಿ. ನಾ ಈ ಮನೆಗೆ ಬಂದಾಗ ಶಾಂತೇರಿನೇ. ಮದುವೆ ದಿನ ಹರಿವಾಣದ ಅಕ್ಕಿಯಲ್ಲಿ ಆಚೆಯವರು ಉಂಗುರದಿಂದ ರಾಧಾ ಅಂತ ಬರೆದ್ರು. ಅಕ್ಕಿ ಎತ್ತಿಟ್ಟವಳು ನಾನೇ.”

“ಅದೇ ಹೇಳಿದೆ ನಾನು. ಆ ಹೆಸರಿನವರು ಈಗ ಇಲ್ಲ.”

“ಸತ್ತವರ ಸುದ್ದಿ ಹೇಳಿದ ಹಾಗೆ ಹೇಳ್ತೀರಲ್ಲ! ಗಣಪತಿ ಹಬ್ಬಕ್ಕೆ ಬಂದು ಮೂರು ದಿನ ಇದ್ದು ಹೋದ್ಲು. ಪದ್ಯ ಕೇಳ್ತೀರಾ ಅಕ್ಕೋರೆ? ಅವಳೇ ಬರೀತಿದ್ಲು, ಅಡುಗೆಮನೆ ಕಪಾಟಿನ ಮರೆಯಲ್ಲಿ ಕೂತು. ಸಾರು ಉಕ್ಕಿದ್ರೂ ಗೊತ್ತಾಗ್ತಿರಲಿಲ್ಲ. ಬೈಗುಳ ತಿಂದವಳು ಮಾತ್ರ ನಾನು.”

ಕೊಂಕಣಿ ಮನೆಮಾತಿನ ಕುಟುಂಬಗಳಲ್ಲಿ ಮದುವೆಯ ದಿನ ವಧುವಿಗೆ ಹೊಸ ಹೆಸರಿಡುವ ಪದ್ಧತಿ ನಮ್ಮ ಕಡೆ ಎಲ್ಲರಿಗೂ ಗೊತ್ತು. ಸಂಪಾದಕರ ಮನೆಯಲ್ಲಿಯೂ ಇತ್ತು. ಅವರ ಪತ್ನಿಗೂ ಎರಡು ಹೆಸರುಗಳು. ಆದರೂ ಇಡೀ ಸಂಸ್ಥೆಯಲ್ಲಿ ಒಬ್ಬ ವಿದ್ವಾಂಸನಿಗೂ, ಹುಡುಕುತ್ತಿರುವ ಹೆಂಗಸು ಮದುವೆಯಾಗಿರಬಹುದು ಎಂಬ ಸಾಧ್ಯತೆ ಹೊಳೆಯಲಿಲ್ಲ. ಹತ್ತನೆಯ ಶತಮಾನದ ಕವಿಯೊಬ್ಬನ ಬಿರುದುಗಳ ಬೆನ್ನು ಹಿಡಿದು ಮೂರು ಶಾಸನಗಳನ್ನು ತಾಳೆ ಹಾಕಬಲ್ಲವರು ಇವರು!

ಮರುದಿನ ಕುಮಟೆಗೆ ಹೋದೆ. ರಾಧಾಬಾಯಿಯವರ ಪತಿ ವಿಠ್ಠಲರಾಯರದು ಬಟ್ಟೆಯ ಅಂಗಡಿ. ಮನೆ ಅದರ ಹಿಂಭಾಗದಲ್ಲಿ. ಆಕೆಗೆ ಆಗ ನಲವತ್ತರ ಆಸುಪಾಸು. ಸಣ್ಣ ಆಳು, ದೊಡ್ಡ ಸ್ವರ. ನಾನು ಕರಡಚ್ಚಿನ ಹಾಳೆಗಳನ್ನು ಅವರ ಕೈಗೆ ಕೊಟ್ಟೆ. ಮೇಲೆ ವಾಮನ ಮಾಸ್ತರರ ಹೆಸರು, ಕೆಳಗೆ ‘ಹೊರಗಿನವಳು’, ಅದರ ಕೆಳಗೆ ಟಿಪ್ಪಣಿ. ನಿಂತುಕೊಂಡೇ ಓದಿದರು. ತುರೀಯದ ಸಾಲಿಗೆ ಬಂದಾಗ ಗೋಡೆಗೆ ಒರಗಿ ನಗತೊಡಗಿದರು. ನಗು ನಿಲ್ಲಲೇ ಇಲ್ಲ.

“ಪಾಪ, ವಾಮನ ಮಾಸ್ತರರು! ಅವರು ಯಾವಾಗ ಹೊರಗೆ ಕೂತಿದ್ರಂತೆ ಅಕ್ಕೋರೆ?”

ನಾನೂ ನಕ್ಕೆ. ಆಮೇಲೆ ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡು ಎರಡನೆಯ ಸಲ ಓದಿದರು. ಈ ಸಲ ನಗಲಿಲ್ಲ.

“ಮಾಸ್ತರರು ಇದನ್ನು ಮೂರು ಸಲ ಓದಿದ್ರು,” ಎಂದರು. “ಆಮೇಲೆ ಕೇಳಿದ್ರು, ‘ಇದನ್ನು ಹಾಕಿದ್ರೆ ನಿನ್ನ ಮನೆಯವರು ಎಂತ ಹೇಳ್ತಾರೆ ಮಗಾ?’ ನಾನಂದೆ, ‘ಮನೆತನದ ಹೆಸರು ಬೇಡ ಸರ್, ನನ್ನ ಹೆಸರು ಹಾಕಿ.’ ಅವರು ಹಾಗೇ ಹಾಕಿದ್ರು. ಬೇರೆ ಯಾರಾದ್ರೂ ಆಗಿದ್ರೆ ಪದ್ಯವನ್ನು ಒಲೆಗೆ ಹಾಕ್ತಿದ್ರು. ಅವರು ಬದುಕಿದ್ದಾಗ ಒಂದು ಅಕ್ಷರ ತನ್ನದು ಅಂದವರಲ್ಲ. ಸತ್ತ ಮೇಲೆ ಅವರನ್ನು ಕಳ್ಳ ಮಾಡಿದ್ರಲ್ಲ ನಿಮ್ಮವರು!”

‘ನಿಮ್ಮವರು’ ಎಂಬ ಮಾತು ನನಗೆ ತಾಗಿತು. ತಾಗಬೇಕಾದದ್ದೇ.

ಮದುವೆಯ ನಂತರ ಬರೆದಿರಾ ಎಂದು ಕೇಳಿದೆ. ಬರೆದಿದ್ದರು. ಅಚ್ಚಿಗೆ ಕಳಿಸಿರಲಿಲ್ಲ. “ರಾಧಾ ಅಂತ ಸಹಿ ಹಾಕಿ ನೋಡಿದೆ ಒಂದು ಸಲ. ನಾದಿನಿಯ ಸೀರೆ ಉಟ್ಟು ಮದುವೆಗೆ ಹೋದ ಹಾಗೆ ಅನ್ನಿಸ್ತು. ಬಿಟ್ಟೆ.” ನಿಮಗೆ ಈಗ ಏನು ಬೇಕು ಎಂದು ಕೇಳಿದಾಗ ತಡವರಿಸಲಿಲ್ಲ: “ಏಳೂ ಪದ್ಯದ ಕೆಳಗೆ ಶಾಂತೇರಿ ಅಂತ ಇರ್ಲಿ. ಈ ಶಾಂತೇರಿ ಅಂದ್ರೆ ಕುಮಟೆಯ ಇಂಥವಳು ಅಂತ ಒಂದು ಗೆರೆ. ಮತ್ತೆ ಈ ತುರೀಯ ಗಿರೀಯ ತೆಗೀರಿ. ಹೊಗಳಿಕೆ ಬೇಡ ನನಗೆ.”

ಅಂಗಡಿಯಿಂದ ಊಟಕ್ಕೆ ಬಂದ ವಿಠ್ಠಲರಾಯರು ಹಾಳೆಗಳನ್ನು ನೋಡಿ ಮುಖ ಗಂಟಿಕ್ಕಿದರು. ಒಳ್ಳೆಯ ಮನುಷ್ಯರು, ಅಂಜುವ ಸ್ವಭಾವ.

“ಪದ್ಯ ಇವಳದೇ ಅಂತ ನನಗೂ ಗೊತ್ತು. ಆದ್ರೆ ಇದು ಎಂತದರ ಪದ್ಯ ಅಂತ ಹೆಸರಿನ ಸಮೇತ ಪುಸ್ತಕದಲ್ಲಿ ಬಂದ್ರೆ, ನಾಳೆ ಮಗಳಿಗೆ ಗಂಡು ನೋಡ್ಬೇಕು. ಜನ ಎಂತ ಹೇಳ್ತಾರೆ?”

“ಮಾಸ್ತರರ ಹೆಸರಲ್ಲಿ ಬಂದ್ರೆ ಅನುಭಾವ, ನನ್ನ ಹೆಸರಲ್ಲಿ ಬಂದ್ರೆ ಹೊಲಸು. ಹೌದನಾ?” ಎಂದು ರಾಧಾಬಾಯಿ ಕೇಳಿದರು. “ಅನ್ನ ಬಡಿಸ್ತೆ, ಉಣ್ಣಿ. ಉಂಡು ಯೋಚ್ನೆ ಮಾಡಿ ಹೇಳಿ.”

ಅವರು ಉಂಡರು. ಸಾರು ಬಡಿಸಿದ್ದೂ ತಿಳಿಯದವರಂತೆ ಉಂಡರು. ಕೈ ತೊಳೆದು ಬಂದು, “ಬರೀರಿ ಬಾಯಿ, ಎಲ್ಲಿ ಸಹಿ ಹಾಕ್ಬೇಕೋ ಹಾಕ್ತೆ,” ಎಂದರು. ಈ ಪದ್ಯಗಳು ತನ್ನ ಪತ್ನಿಯವು, ಆಕೆಯ ತವರಿನ ಹೆಸರು ಶಾಂತೇರಿ ಎಂದು ಅವರು ಬರೆದುಕೊಟ್ಟರು. ಶೇಷಗಿರಿರಾಯರು ಬರೆದುಕೊಡಲಿಲ್ಲ. “ತಂಗಿಯ ಹೆಸರು ಅವಳ ಗಂಡನ ಮನೆಯ ವಿಷಯ,” ಎಂದರು.

ಈಗ ಸಾಕ್ಷ್ಯದ ಮಾತು. ನಮ್ಮ ಸಂಪುಟದಲ್ಲಿ ಸೇರಿದ ಗಂಡಸರಲ್ಲಿ ಯಾರೊಬ್ಬರನ್ನೂ, ಇದು ನೀವೇ ಬರೆದದ್ದೆನ್ನಲು ಆಧಾರವೇನೆಂದು ಕೇಳಿರಲಿಲ್ಲ. ರಾಧಾಬಾಯಿಯವರಿಗೆ ಮಾತ್ರ ಕೈಬರಹದ ಮೂಲಪ್ರತಿ ತೋರಿಸಿ ಎಂದರು. ಮೂಲಪ್ರತಿ ಮಾಸ್ತರರ ಬಳಿ ಹೋಗಿತ್ತು. ಮಾಸ್ತರರ ಕಾಗದಪತ್ರಗಳನ್ನು ಗೆದ್ದಲು ತಿಂದಿತ್ತು. ಏಳು ಪದ್ಯಗಳನ್ನೂ ಆಕೆ ಬಾಯಿಪಾಠವಾಗಿ ಹೇಳಿದರೆಂದು ವರದಿ ಮಾಡಿದೆ. ಅಚ್ಚಾದದ್ದನ್ನು ಯಾರು ಬೇಕಾದರೂ ಬಾಯಿಪಾಠ ಮಾಡಬಹುದು ಎಂದು ಉತ್ತರ ಬಂತು. ಮನೆಯವರು ಒಪ್ಪಿ ಬರೆದುಕೊಡಲಿ ಎಂದು ಮೊದಲು ಹೇಳಿದವರೇ, ಪತಿ ಬರೆದುಕೊಟ್ಟದ್ದನ್ನು ಮುಂದಿಟ್ಟಾಗ ಅದು ಹಿತಾಸಕ್ತರ ಸಾಕ್ಷ್ಯವೆಂದು ತಳ್ಳಿಹಾಕಿದರು. ಅತ್ತಿಗೆಯ ಮಾತನ್ನು ಉಲ್ಲೇಖಿಸಿದಾಗ, “ಅಡುಗೆಮನೆಯ ಮಾತನ್ನು ಅಡಿಟಿಪ್ಪಣಿಯಲ್ಲಿ ಹಾಕಲಿಕ್ಕೆ ಬರತದೇನವಾ?” ಎಂದು ಸಂಪಾದಕರು ಕೇಳಿದರು. ಒಂದು ವರ್ಷಕ್ಕೂ ಮಿಕ್ಕಿ ಹೀಗೆ ಪತ್ರಗಳು ಓಡಾಡಿದವು. ಅಷ್ಟರಲ್ಲಿ ಪೀಠಿಕೆ ಅಚ್ಚಾಗಿ ಹೋಗಿತ್ತು.

೧೯೬೩ನೆಯ ಫೆಬ್ರುವರಿ ೯, ಶನಿವಾರ ಸಂಪಾದಕ ಮಂಡಳಿಯ ಸಭೆ ನಡೆಯಿತು. ನಾನು ಬಾಗಿಲ ಬಳಿಯ ಕುರ್ಚಿಯಲ್ಲಿದ್ದೆ. ನನ್ನ ವರದಿಯ ಸರದಿ ಬಂದಾಗ ಎದ್ದು ನಿಂತು, ಎರಡು ಹೆಸರುಗಳ ವಿಷಯವನ್ನು ವಿವರಿಸಿದೆ. ಕುಲದೇವತೆಯ ವಾದ ಏಕೆ ನಿಲ್ಲದೆಂದು ಹೇಳಿದೆ. ಅವರು ಸಹನೆಯಿಂದ ಕೇಳಿದರು. ಬಳಿಕ ಸಂಪಾದಕರು, “ಹೆಸರಿನ ಪ್ರಶ್ನೆ ಬಿಡು. ಆ ಪದ್ಯದ ಒಳಗ ಇರುವ ಅನುಭವ ಹದಿನಾರು ವರ್ಷದ ಹುಡುಗಿಗೆ ಇರಲಿಕ್ಕೆ ಸಾಧ್ಯನೇನು?” ಎಂದರು.

“ಇರುತ್ತದೆ ಸರ್. ಅದು ಮುಟ್ಟಿನ ಪದ್ಯ,” ಎಂದೆ.

ಆ ಶಬ್ದವನ್ನು ಆ ಕೋಣೆಯಲ್ಲಿ ಅದಕ್ಕೆ ಮುನ್ನ ಯಾರೂ ಉಚ್ಚರಿಸಿರಲಿಕ್ಕಿಲ್ಲ. ಒಬ್ಬ ಹಿರಿಯರು ಕನ್ನಡಕ ತೆಗೆದು ಒರೆಸತೊಡಗಿದರು. ಇನ್ನೊಬ್ಬರು ಕಿಟಕಿಯ ಕಡೆ ತಿರುಗಿದರು. ನಾನು ನಿಲ್ಲಿಸಲಿಲ್ಲ. ಮೂರು ದಿನ ಎಂದರೆ ಮೂರು ದಿನ; ತಾಟನ್ನು ದೂರದಿಂದ ತಳ್ಳುತ್ತಾರೆ; ನಾಲ್ಕನೆಯ ದಿನ ಮೀಯುತ್ತಾರೆ; ಇದು ನಿಮ್ಮ ಪ್ರತಿಯೊಬ್ಬರ ಮನೆಯ ಹಿಂದಿನ ಜಗಲಿಯಲ್ಲಿ ತಿಂಗಳು ತಿಂಗಳೂ ನಡೆಯುತ್ತದೆ, ನೀವು ನೋಡಿದ್ದೀರಿ ಎಂದೆ. ಸಂಪಾದಕರ ಕಿವಿಗಳು ಕೆಂಪಾದವು. ಅವರು ಸ್ವರ ಏರಿಸಲಿಲ್ಲ. “ಕೂಡವಾ. ಮುಂದಿನ ವಿಷಯ,” ಎಂದರು.

ಇಷ್ಟೇ ನಡೆದದ್ದು. ಅವರಿಗೆ ಅನುಮಾನವಿದ್ದರೆ ಕ್ಷಮಿಸಬಹುದಿತ್ತು. ಆ ಕ್ಷಣದಲ್ಲಿ ಅನುಮಾನ ಉಳಿದಿರಲಿಲ್ಲವೆಂದು ನಾನು ಅವರ ಮುಖಗಳಲ್ಲಿ ಓದಿದೆ. ಪದ್ಯ ಯಾರದೆಂದು ಅವರಿಗೆ ತಿಳಿಯಿತು. ತಿಳಿದ ಮೇಲೆಯೇ ಅವರು ಮುಂದಿನ ವಿಷಯಕ್ಕೆ ಹೋದರು. ಈ ಸಿಟ್ಟು ಇಷ್ಟು ವರ್ಷಗಳಲ್ಲಿ ಕಡಿಮೆಯಾಗಿಲ್ಲ. ಆಗಬೇಕಾದ ಕಾರಣವೂ ನನಗೆ ಕಾಣುವುದಿಲ್ಲ.

ಮರುವರ್ಷ ಸಂಪುಟ ಹೊರಬಂತು. ಏಳು ಪದ್ಯಗಳು ವಾಮನ ಮಾಸ್ತರರ ಹೆಸರಿನಲ್ಲಿ, ತುರೀಯ ಸಮೇತ. ಮೂರು ತಾಲೂಕುಗಳ ಕವಿಗಳ ಪೈಕಿ ಒಬ್ಬ ಹೆಂಗಸೂ ಇಲ್ಲ. ಅನುಬಂಧದಲ್ಲಿ ಮಾತ್ರ ಹಾಡುಗಳ ಮೇಲೆ ‘ಕರ್ತೃ: ಅಜ್ಞಾತ’, ‘ಕರ್ತೃ: ಅಜ್ಞಾತ’ ಎಂದು ಪುಟದ ನಂತರ ಪುಟ. ನಾನೇ ಒಂದು ಪ್ರತಿಯನ್ನು ಕುಮಟೆಗೆ ಒಯ್ದೆ. ರಾಧಾಬಾಯಿ ಪುಟ ತೆರೆದು ನೋಡಿದರು. “ಅಚ್ಚು ಚೆಂದ ಬಂದಿದೆ,” ಎಂದು ಪುಸ್ತಕವನ್ನು ನನ್ನ ಕೈಗೇ ಹಿಂದಿರುಗಿಸಿದರು. ಚಹಾ ಕೊಟ್ಟರು. ಆ ವಿಷಯವನ್ನು ಮತ್ತೆ ಎತ್ತಲಿಲ್ಲ.

ಆದರೆ ಮುಂದಿನ ಸಲ ನಾನು ಹೋದಾಗ ವಿಠ್ಠಲರಾಯರು ಒಂದು ಸುದ್ದಿ ಹೇಳಿದರು. ಅರ್ಧ ಅಳುಕು, ಅರ್ಧ ಹೆಮ್ಮೆ. ಊರಿನ ವಾಚನಾಲಯಕ್ಕೆ ಸಂಪುಟ ಬಂದಿದೆಯೆಂದು ಕೇಳಿ ರಾಧಾಬಾಯಿ ಒಬ್ಬರೇ ಹೋಗಿದ್ದರಂತೆ. ಅದಕ್ಕೆ ಮುನ್ನ ಅಲ್ಲಿಗೆ ಹೆಂಗಸರು ಕಾಲಿಟ್ಟದ್ದನ್ನು ಅವರು ನೋಡಿರಲಿಲ್ಲ. ಪುಸ್ತಕ ಕೇಳಿ ಪಡೆದು, ಮೇಜಿನ ಮುಂದೆ ಕುಳಿತು, ಮಗಳ ಶಾಯಿ ಪೆನ್ನಿನಿಂದ ಏಳೂ ಕಡೆ ಮಾಸ್ತರರ ಹೆಸರಿಗೆ ಗೆರೆ ಎಳೆದು ತಮ್ಮ ಹೆಸರು ಬರೆದರಂತೆ. ಗುಮಾಸ್ತ ಓಡಿ ಬಂದು, “ಬಾಯೇ, ಎಂತ ಮಾಡ್ತೀರಿ! ಪುಸ್ತಕದಲ್ಲಿ ಗೀಚಬಾರ್ದು!” ಎಂದನಂತೆ.

“ಗೀಚಿದವರು ಅವರು. ನಾ ತಿದ್ದಿದೆ,” ಎಂದು ಶಾಯಿ ಆರುವವರೆಗೆ ಊದುತ್ತ ಕುಳಿತಿದ್ದರಂತೆ.

ಆ ಪ್ರತಿಯನ್ನು ನಾನು ಕಂಡಿಲ್ಲ. ಮರುವರ್ಷ ಹುಡುಕಿದಾಗ ಅದು ವಾಚನಾಲಯದಲ್ಲಿರಲಿಲ್ಲ. ಆದ್ದರಿಂದ ಈ ಪ್ರಸಂಗವನ್ನು ವಿಠ್ಠಲರಾಯರ ಮಾತಿನ ಆಧಾರದಲ್ಲಷ್ಟೇ ದಾಖಲಿಸುತ್ತಿದ್ದೇನೆ. ‘ಹೊರಗಿನವಳು’ ಮುಂದೆ ಬೇರೆ ಸಂಕಲನಗಳಿಗೆ ಹೋಯಿತು. ಪ್ರತಿಯೊಂದೂ ಹಿಂದಿನದನ್ನು ನಂಬಿ ನಕಲು ಮಾಡಿತು. ನಾನು ಬರೆದ ತಿದ್ದುಪಡಿಯನ್ನು ಒಂದು ಸಣ್ಣ ಪತ್ರಿಕೆ ಪ್ರಕಟಿಸಿತು. ಯಾರೂ ಅದನ್ನು ನಿರಾಕರಿಸಲಿಲ್ಲ, ಉಲ್ಲೇಖಿಸಲೂ ಇಲ್ಲ. ರಾಧಾಬಾಯಿಯವರು ಈಗಿಲ್ಲ.

ಕಿರಿಯರಿಗೆ ನಾನು ಹೇಳಬೇಕಾದದ್ದು ಬಹಳವಿಲ್ಲ. ಸಂತೆಗುಳಿಯ ಪ್ರಸಂಗದ ನಂತರ ನಾನು ಕಚೇರಿಯ ನಮೂನೆಗಳನ್ನು ಬಿಟ್ಟು ನನ್ನದೇ ಚೀಟಿಗಳಲ್ಲಿ ಬರೆದುಕೊಳ್ಳತೊಡಗಿದೆ. ಹೊನ್ನಾವರದ ನಂತರ, ಯಾವ ಹೆಂಗಸಿನ ಚೀಟಿಯಲ್ಲಿಯೂ ‘ತವರಿನಲ್ಲಿ ಕರೆಯುತ್ತಿದ್ದ ಹೆಸರು’ ಎಂಬ ಸಾಲನ್ನು ಸೇರಿಸದೆ ಬಿಡಲಿಲ್ಲ. ಜಗಲಿಯಲ್ಲಿ ಸಿಕ್ಕ ಉತ್ತರವನ್ನು ಒಳಗೆ ಹೋಗಿ ಪರಿಶೀಲಿಸಿ. ಒಬ್ಬಳು ಸಿಗಲಿಲ್ಲವೆಂದರೆ, ನಿಮಗೆ ಸಿಗಲಿಲ್ಲವೆಂದು ಬರೆಯಿರಿ, ಇರಲಿಲ್ಲವೆಂದು ಬರೆಯಬೇಡಿ. ಇವು ಸಣ್ಣ ಮಾತುಗಳು. ಇವನ್ನು ಪಾಲಿಸದೆ ದೊಡ್ಡ ಮಾತು ಬರೆದವರ ಪುಸ್ತಕಗಳು ಇಂದಿಗೂ ಪಠ್ಯದಲ್ಲಿವೆ.

ಈ ಬರಹವನ್ನು ಮುಗಿಸುವ ಮೊದಲು, ಸಭೆಯ ದಿನಾಂಕವನ್ನು ಖಚಿತಪಡಿಸಿಕೊಳ್ಳಲು ಸಂಸ್ಥೆಗೆ ಅರ್ಜಿ ಬರೆದು ನಡಾವಳಿಯನ್ನು ನೋಡಿದೆ. ದಿನಾಂಕ ಸರಿಯಾಗಿದೆ: ಫೆಬ್ರುವರಿ ೯, ಶನಿವಾರ. ಶಾಂತೇರಿ ಅಂಕಿತದ ಪದ್ಯಗಳ ಬಗ್ಗೆ ‘ಯಾವುದೇ ಆಕ್ಷೇಪ ಬಾರದಿದ್ದುದರಿಂದ’ ಈಗಿರುವಂತೆಯೇ ಅಚ್ಚಿಗೆ ಕಳಿಸಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು ಎಂದಿದೆ. ಹಾಜರಿದ್ದವರ ಸಾಲಿನಲ್ಲಿ ನನ್ನ ಹೆಸರಿಲ್ಲ. ಅದರ ಕೆಳಗೆ, ಗೈರುಹಾಜರಾದವರು ಎಂಬಲ್ಲಿ ನನ್ನ ಹೆಸರೊಂದೇ ಇದೆ; ಕಾರಣ, ಅಸ್ವಸ್ಥತೆ. ಆ ದಿನ ನಾನು ಆ ಕೋಣೆಯಲ್ಲಿ ಇರಲಿಲ್ಲ ಎನ್ನುವುದಕ್ಕೆ ಐವರು ವಿದ್ವಾಂಸರ ಸಹಿಯಿದೆ. ಇದ್ದೆ ಎನ್ನುವುದಕ್ಕೆ ನನ್ನ ಮಾತು ಬಿಟ್ಟರೆ ಬೇರೆ ಆಧಾರವಿಲ್ಲ.